ಯಂತ್ರದೊಳಗಿನ ತಾರಕಮಂತ್ರ

ಕಾಶಿಯಲ್ಲಿ ಎಂಆರ್‌ಐ ಯಂತ್ರದೊಳಗೆ ಮಲಗಿದವರಲ್ಲಿ ಒಬ್ಬಿಬ್ಬರಾದರೂ ತಾವು ಸತ್ತೆವೆಂದೇ ತಿಳಿಯುತ್ತಿದ್ದರು. ತೊಂಬತ್ತರ ದಶಕದ ಆರಂಭ. ಯಂತ್ರ ಹೊಸದು, ನಡೆಸುವವನು ನಾನು. ಗಾಜಿನ ಆಚೆ ಕೂತು ಮೈಕಿನಲ್ಲಿ ಎರಡು ಮಾತು ಹೇಳಬೇಕು. ನನಗೆ ಅಷ್ಟೇ ಹೆಚ್ಚು.

೧. ಟಿ-ಒನ್

ಮಣಿಕರ್ಣಿಕಾ ಘಾಟಿನಲ್ಲಿ ನಮ್ಮ ಕನ್ನಡದ ಕಡೆಯವರ ಅಂತ್ಯಕ್ರಿಯೆ ಮಾಡಿಸುವ ಭಟ್ಟರೊಬ್ಬರನ್ನು ಮಗ ಕರೆತಂದ. ಕಾಲು ಎಳೆಯುತ್ತಿತ್ತು. ಮಂತ್ರ ನಡುವೆಯೇ ಮರೆಯುತ್ತಿತ್ತು. ತಲೆಯಲ್ಲಿ ಗಡ್ಡೆಯೆಂದು ಮಗನ ಭಯ. ಅವನು ಹಿಂದಿಯಲ್ಲಿ ಸಮಾಧಾನ ಹೇಳಿದರೆ ಅಪ್ಪ ಕನ್ನಡದಲ್ಲಿ ಗೊಣಗಿದರು: "ಮಂತ್ರ ಹೋದ ಮೇಲೆ ಇದ್ದೇನು ಮಾಡ್ಲಿ?" ಕಣ್ಣು ಮುಚ್ಚಿ ಒಳಗೆ ಹೋದರು.

ಯಂತ್ರ ಸುತ್ತಿಗೆಯಂತೆ ಬಡಿಯಿತು. ಮೊದಲು ಟಿ-ಒನ್ ಎಂಬ ಬಗೆಯ ಚಿತ್ರ. ಅದರಲ್ಲಿ ನೀರು ಕಪ್ಪಾಗಿ ಕಾಣುತ್ತದೆ. ಭಟ್ಟರ ತಲೆಯ ನಡುವೆ ದೊಡ್ಡ ಕಪ್ಪು. ಬಡಿತ ನಿಂತಿತು. ಆ ಮೌನದಲ್ಲಿ ಅವರ ಕಿವಿಯ ಬಳಿ ನನ್ನ ದನಿ: "ಅಲ್ಲಾಡಬೇಡಿ."

ಕಾಶಿಯಲ್ಲಿ ಸಾಯುವವನ ಕಿವಿಯಲ್ಲಿ ಶಿವನೇ ತಾರಕಮಂತ್ರ ಹೇಳುತ್ತಾನೆಂದು ಜೀವಮಾನವಿಡೀ ಜನಕ್ಕೆ ಹೇಳಿದವರು ಅವರು. ಒಳಗಿನಿಂದ ಸಣ್ಣಗೆ ಕೇಳಿಸಿತು:

"ಸ್ವಾಮೀ, ನಿನಗೆ ಕನ್ನಡ ಬರತ್ತಾ?"

೨. ಟಿ-ಟೂ

ಟಿ-ಟೂ ಹಾಕಿದೆ. ಅದರಲ್ಲಿ ನೀರು ಬಿಳಿ. ಕಪ್ಪಿದ್ದ ಜಾಗವೆಲ್ಲ ಹೆಣದ ಬಟ್ಟೆಯಷ್ಟು ಬಿಳಿಯಾಯಿತು. ಡಾಕ್ಟರ್ ಎರಡೂ ಚಿತ್ರ ಪಕ್ಕಪಕ್ಕ ಇಟ್ಟು ಹೇಳಿದರು: "ಗಡ್ಡೆಯಲ್ಲ, ನೀರು ತುಂಬಿದೆ. ನಳಿಕೆ ಹಾಕಿ ಇಳಿಸಿದರೆ ಮರೆವು ಕಡಿಮೆಯಾಗಬಹುದು."

ಚಿತ್ರ ಎಲ್ಲೂ ಮಸುಕಿರಲಿಲ್ಲ. ಬದುಕಿರುವವರು ಅಷ್ಟು ಅಲ್ಲಾಡದೆ ಮಲಗಿದ್ದನ್ನು ನಾನು ಕಂಡಿರಲಿಲ್ಲ. ಹೊರಗೆಳೆದರೂ ಭಟ್ಟರು ಹಾಗೇ ಇದ್ದರು. ಮಗ ಕೈ ಮುಟ್ಟಿದ. ತಣ್ಣಗಿತ್ತು. ಅವನ ಮುಖ ನೋಡಲಾಗದೆ ಮೈಕ್ ಒತ್ತಿ "ಏಳಿ ಭಟ್ಟರೇ" ಎಂದೆ.

ಕಣ್ಣು ತೆರೆಯದೆ ಹೇಳಿದರು: "ಹ್ಯಾಗೆ ಏಳ್ಲಿ? ಕಾಶೀಲಿ ಸತ್ತವರು ಮತ್ತೆ ಹುಟ್ಟಲ್ಲ ಅಂತ ಎಷ್ಟು ಮನೆಯವರಿಗೆ ಮಾತು ಕೊಟ್ಟಿದೀನಿ. ನನ್ನ ಮರ್ಯಾದೆ ತೆಗೀಬೇಡ."

೩. ಮಣಿಕರ್ಣಿಕಾ

ನಳಿಕೆ ಹಾಕಿದರು. ಕೆಲವು ತಿಂಗಳ ಮೇಲೆ ಪರಿಚಿತರೊಬ್ಬರ ಹೆಣದ ಹಿಂದೆ ನಾನು ಘಾಟಿಗೆ ಹೋದೆ. ಮಂತ್ರ ಹೇಳುತ್ತಿದ್ದವರು ಅದೇ ಭಟ್ಟರು. ಎಲ್ಲೂ ತಡವರಿಸಲಿಲ್ಲ. ನನ್ನನ್ನು ಅವರು ಎಂದೂ ನೋಡಿದವರಲ್ಲ.

ಸತ್ತವರ ಮಗ ಕೇಳಿದ: "ಶಿವ ನಿಜವಾಗ್ಲೂ ಕಿವೀಲಿ ಹೇಳ್ತಾನಾ?"

"ನನಗೇ ಹೇಳಿದಾನಪ್ಪಾ. ಕನ್ನಡದಲ್ಲೇ. ಮಾತಾಡಿದ್ದು ಮಿಶಿನ್ನಿನವನು ಅಂತಾನೆ ನನ್ನ ಮಗ. ಅವನಿಗೇನು ಗೊತ್ತು. ದನಿ ಮಾತ್ರ ಸ್ವಲ್ಪ ಒರಟು."

ಅಷ್ಟರಲ್ಲಿ ಪಕ್ಕದ ಚಿತೆಯಿಂದ ಕಿಡಿ ಹಾರಿ ಭಟ್ಟರ ಶಲ್ಯದ ಮೇಲೆ ಕೂತಿತು. ಹಿಂದಿನಿಂದ ಹೋಗಿ ಕೈ ಚಾಚಿ, "ಅಲ್ಲಾಡಬೇಡಿ" ಎಂದೆ.

ಭಟ್ಟರು ಕಲ್ಲಾದರು. ತಿರುಗಲಿಲ್ಲ. ಕಣ್ಣು ಮುಚ್ಚಿ, ಚಟ್ಟದ ಮೇಲಿದ್ದವರ ಕಡೆ ಬೆರಳು ತೋರಿಸಿದರು.

"ನಾನಲ್ಲ ಸ್ವಾಮೀ. ಇವತ್ತು ಇವರು."