ಒಂದು ಹಾಳೆಗೆ ಒಂಬತ್ತು ನಿರಾಕರಣೆ

ಸಾರ್ವಜನಿಕ ದಾಖಲೆಗಳ ಕಚೇರಿಯು ಸ್ಥಾಪನೆಯಾದ ದಿನದಿಂದ ಕಳೆದ ತಿಂಗಳ ಹದಿನಾಲ್ಕನೇ ತಾರೀಕಿನವರೆಗೆ, ಯಾವುದೇ ದಾಖಲೆಯು ಸಾರ್ವಜನಿಕರ ಕೈಗೆ ಸಿಕ್ಕಿ ಹಾಳಾದ ಒಂದೇ ಒಂದು ಪ್ರಕರಣವೂ ವರದಿಯಾಗಿರುವುದಿಲ್ಲ. ಇದನ್ನು ನಾನು ಬಾಯಿಗೆ ಬಂದಂತೆ ಹೇಳುತ್ತಿಲ್ಲ. ಆ ಕಚೇರಿಯ ಹಿಂಬರಹ ವಿಭಾಗದ ಗುಮಾಸ್ತ ನಾನು. ಹಿಂಬರಹವೆಂದರೆ, ದಾಖಲೆ ಕೇಳಿಕೊಂಡು ಬಂದವರಿಗೆ "ಕೊಡಲು ಬರುವುದಿಲ್ಲ" ಎಂದು ಮರ್ಯಾದೆಯಿಂದ ಬರೆದು ಕೊಡುವ ಕಾಗದ. ಹದಿನೆಂಟು ವರ್ಷಗಳ ಸೇವೆಯಲ್ಲಿ ಒಂದಾದರೂ ಕಡತವನ್ನು ಬಿಚ್ಚಿ ಓದಿದ ಕಪ್ಪುಚುಕ್ಕೆ ನನ್ನ ಮೇಲಿಲ್ಲ. ಓದಿದವನು ಇಲ್ಲ ಎನ್ನುವಾಗ ತಡವರಿಸುತ್ತಾನೆ. ಓದದವನಿಗೆ ಆ ತೊಂದರೆಯಿಲ್ಲ.

ಕಚೇರಿ ಇರುವುದು ಹಳೆಯ ಕಟ್ಟಡವೊಂದರ ಮಹಡಿಯ ಮೇಲೆ. ಕೆಳಗಿರುವುದು ಟೈಲರಕ್ಕನ ಅಂಗಡಿ. ಟೈಲರಕ್ಕ ಅಳತೆ ತೆಗೆದು, ಕತ್ತರಿಸಿ, ಹೊಲಿಯುತ್ತಾರೆ. ಅವರ ಅತ್ತೆ ಕಾಜಾ ಹೊಲಿದು ಗುಂಡಿ ಹಚ್ಚುತ್ತಾರೆ. ಅತ್ತೆಯನ್ನು ಬೀದಿಯವರೆಲ್ಲ ಗುಂಡಿ ಅಜ್ಜಿ ಎಂದೇ ಕರೆಯುವುದು. ಅಂಗಡಿಯಲ್ಲಿ ಸೂಜಿಗೆ ದಾರ ಪೋಣಿಸುವಷ್ಟು ಬೆಳಕು ಬೀಳುವುದು ಒಂದೇ ಒಂದು ಕಡೆ. ಅಜ್ಜಿಯ ಸ್ಟೂಲು ಅಲ್ಲೇ. ಛಾವಣಿಯ ಬಿರುಕು ಕೂಡ ಸರಿಯಾಗಿ ಅದರ ಮೇಲೆಯೇ.

ಬಿರುಕಿನಿಂದ ಗಾರೆಯ ಪುಡಿ ಉದುರಿ ಗಿರಾಕಿಗಳ ಹೊಸ ಶರ್ಟುಗಳೆಲ್ಲ ಹಿಟ್ಟಿನ ಗಿರಣಿಯಿಂದ ಬಂದಂತೆ ಕಾಣತೊಡಗಿದಾಗ, ಇಲಾಖೆಯು ಒಬ್ಬ ಇಂಜಿನಿಯರನ್ನು ಕಳಿಸಿತು. ಅವರು ಮೇಜು ಹತ್ತಿ ಛಾವಣಿಯನ್ನು ಸಣ್ಣ ಸುತ್ತಿಗೆಯಿಂದ ಮೂರು ಸಲ ತಟ್ಟಿದರು. ನಾಲ್ಕನೇ ಸಲಕ್ಕೆ ಕೈ ಎತ್ತಿದವರು ಏನೋ ಯೋಚಿಸಿ ಮೆಲ್ಲಗೆ ಕೆಳಗಿಳಿದರು. ನಿಂತಲ್ಲೇ ಒಂದು ಹಾಳೆ ವರದಿ ಬರೆದು, ಮಹಡಿ ಹತ್ತಿ ನಮ್ಮ ಸಾಹೇಬರ ಕೈಗೆ ಕೊಟ್ಟು, ಮೆಟ್ಟಿಲಿನ ಅಂಚು ಹಿಡಿದುಕೊಂಡು ಇಳಿದು ಹೋದರು. ಟೈಲರಕ್ಕ ಅಡ್ಡ ಹಾಕಿ ಏನು ಬರೆದಿರೆಂದು ಕೇಳಿದರೆ, "ಬರೆದ ಮೇಲೆ ಅದು ನನಗೂ ಗೌಪ್ಯ ಅಕ್ಕ" ಅಂದರಂತೆ. ಸಾಹೇಬರು ವರದಿಗೆ ಗೌಪ್ಯ ಎಂಬ ಮೊಹರು ಒತ್ತಿ ನನಗೆ ಕೊಟ್ಟರು. ನಾನು ಕಣ್ಣು ಹಾಯಿಸದೆ ಕಬ್ಬಿಣದ ಬೀರುವಿನಲ್ಲಿಟ್ಟೆ. ಬೀರುವಿನ ಪಕ್ಕದಲ್ಲೇ ನನ್ನ ಕುರ್ಚಿ.

ಮರುದಿನ ಟೈಲರಕ್ಕ, ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿರುವಂತೆ, ಅರ್ಜಿ ಹಿಡಿದು ಮೇಲೆ ಬಂದರು. ನಮ್ಮ ಸಾಹೇಬರನ್ನು ನಾವು ಬೆನ್ನ ಹಿಂದೆ 'ಮೂವತ್ತನೇ ದಿನ' ಎಂದು ಕರೆಯುತ್ತೇವೆ. ಅರ್ಜಿಗೆ ಮೂವತ್ತು ದಿನದೊಳಗೆ ಉತ್ತರ ಕೊಡಬೇಕೆಂದು ಕಾನೂನಿದೆ. ಇಪ್ಪತ್ತೊಂಬತ್ತನೇ ದಿನ ಅವರು ಯಾವ ಕಾಗದಕ್ಕೂ ರುಜು ಹಾಕಿದವರಲ್ಲ.

"ಆ ವರದಿ ನಿನಗ್ಯಾಕಮ್ಮ?" ಎಂದು ಸಾಹೇಬರು ಕೇಳಿದರು.

"ಛಾವಣಿ ಬೀಳುತ್ತೋ ಇಲ್ವೋ ಗೊತ್ತಾಗ್ಬೇಕು ಸಾರ್."

"ಬಿದ್ದರೆ ಗೊತ್ತಾಗುತ್ತಲ್ಲ."

"ಬಿದ್ದ ಮೇಲೆ ಗೊತ್ತಾಗಿ ಏನ್ ಮಾಡ್ಲಿ ಸಾರ್? ನಮ್ಮತ್ತೆ ಅದರ ಕೆಳಗೇ ಕೂತಿರ್ತಾರೆ. ಬೀಳುತ್ತೆ ಅಂತಿದ್ರೆ ಅಂಗಡೀನೇ ಬೇರೆ ಕಡೆ ಹಾಕ್ತೀನಿ. ಇಲ್ಲ ಅಂತಿದ್ರೆ ಇಪ್ಪತ್ತು ವರ್ಷದ ಗಿರಾಕಿಗಳನ್ನ ಬಿಟ್ಟು ಯಾಕೆ ಹೋಗ್ಲಿ? ಅದರಲ್ಲಿ ಏನು ಬರೆದಿದೆ ಅಂತ ಒಂದು ಮಾತು ಹೇಳ್ಬಿಡಿ."

"ನೋಡಮ್ಮ, ನೀನು ಕೇಳ್ತಿರೋದು ದಾಖಲೆ ಅಲ್ಲ, ಭವಿಷ್ಯ. ಭವಿಷ್ಯ ನಮ್ಮ ಇಲಾಖೆಗೆ ಬರಲ್ಲ."

ಮೂವತ್ತನೇ ದಿನ ಮೊದಲ ಹಿಂಬರಹ ಹೊರಟಿತು. ಕರಡು ನನ್ನದೇ. "ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ಕೋರಿರುವ ವರದಿಯು ಮಹಡಿಯ ನೆಲಕ್ಕೆ ಸಂಬಂಧಪಟ್ಟದ್ದಾಗಿದ್ದು, ಅರ್ಜಿದಾರರು ವಾಸ್ತವವಾಗಿ ಛಾವಣಿಯ ಅಡಿಯಲ್ಲಿರುತ್ತಾರೆ. ಸದರಿ ಚಪ್ಪಡಿಯ ಮೇಲ್ಮೈ ಇಲಾಖೆಯದು, ತಳಭಾಗ ಅರ್ಜಿದಾರರದು. ಮೇಲ್ಮೈಯ ಬಗ್ಗೆ ತಳಭಾಗದವರಿಗೆ ಮಾಹಿತಿ ನೀಡಲು ಅವಕಾಶವಿರುವುದಿಲ್ಲ." ಬರೆದು ಮುಗಿಸಿದಾಗ ನನಗೇ ಹೆಮ್ಮೆಯಾಯಿತು.

ಟೈಲರಕ್ಕ ಹಟ ಬಿಡುವವರಲ್ಲ. ಮೇಲ್ಮನವಿ ಹಾಕಿದರು. ಎರಡನೆಯ ಹಿಂಬರಹದಲ್ಲಿ ನಾವು, ವರದಿಯಲ್ಲಿ ಕಟ್ಟಡದ ಖಾಸಗಿ ವಿಷಯಗಳಿರುವ ಸಾಧ್ಯತೆಯಿದ್ದು ಕಟ್ಟಡದ ಲಿಖಿತ ಒಪ್ಪಿಗೆ ತರತಕ್ಕದ್ದೆಂದು ತಿಳಿಸಿದೆವು. ಮೂರನೆಯದರಲ್ಲಿ, ವರದಿ ಕೆಟ್ಟದಾಗಿದ್ದರೆ ಜನ ಗಾಬರಿಯಾಗುತ್ತಾರೆ, ಒಳ್ಳೆಯದಾಗಿದ್ದರೆ ಅದನ್ನು ನೋಡುವ ಅಗತ್ಯವೇ ಬೀಳುವುದಿಲ್ಲ, ಆದ್ದರಿಂದ ಎರಡೂ ಸಂದರ್ಭದಲ್ಲಿ ಕೊಡತಕ್ಕದ್ದಲ್ಲ ಎಂದೆವು. ಇದನ್ನು ಇಲಾಖೆಯ ತರಬೇತಿಯಲ್ಲಿ ಮಾದರಿಯಾಗಿ ಓದಿಸುತ್ತಾರೆಂದು ಕೇಳಿದ್ದೇನೆ.

ಇಲ್ಲಿ ಒಂದು ನಿಯಮ ಹೇಳಬೇಕು. ಪ್ರತಿ ಹಿಂಬರಹಕ್ಕೂ ಹಿಂದಿನ ಎಲ್ಲ ಹಿಂಬರಹಗಳನ್ನು ಅನುಬಂಧ ಸಮೇತ ಲಗತ್ತಿಸಬೇಕು. ಏಳು ಪ್ರತಿ ತೆಗೆಯಬೇಕು. ಒಂದು ಅರ್ಜಿದಾರರಿಗೆ, ಆರು ಕಚೇರಿಗೆ. ಕಚೇರಿಗೆ ಒಂದು ಸಾಲದೇ ಎಂದು ಹೊಸದಾಗಿ ಸೇರಿದಾಗ ನಾನೂ ಕೇಳಿದ್ದೆ. "ಐದು ಕಳೆದುಹೋದರೆ?" ಎಂದು ಉತ್ತರ ಬಂದಿತ್ತು. ಹೀಗಾಗಿ ಮೊದಲ ಹಿಂಬರಹ ಒಂದು ಹಾಳೆಯಿದ್ದದ್ದು, ಐದನೆಯದು ದಿಂಬಿನಷ್ಟು ದಪ್ಪವಾಯಿತು. ಎಂಟನೆಯದಕ್ಕೆ ಎರಡನೇ ಬೀರು ತರಿಸಿದೆವು. ಅದನ್ನು ಮೊದಲನೆಯದರ ಪಕ್ಕದಲ್ಲಿ, ಕಿಟಕಿಯ ಹತ್ತಿರ ಇಟ್ಟೆವು.

ಈ ನಡುವೆ ನನ್ನ ಪ್ಯಾಂಟಿನ ಸೊಂಟ ಬಿಗಿಯಾಗಿ, ಅದನ್ನು ಸಡಿಲ ಮಾಡಿಸಲು ಕೆಳಗೆ ಕೊಟ್ಟಿದ್ದೆ. ಟೈಲರಕ್ಕ ಕೆಲಸದ ವಿಷಯದಲ್ಲಿ ಮುನಿಸು ಇಟ್ಟುಕೊಳ್ಳುವವರಲ್ಲ. ಅಳತೆ ತೆಗೆಯುತ್ತಾ, "ಗುಮಾಸ್ತರೇ, ಆ ಹಾಳೆ ನಿಮ್ಮ ಬೀರುವಲ್ಲೇ ಇದೆಯಲ್ಲ, ಒಂದ್ಸಲ ನೀವಾದ್ರೂ ಓದ್ಬಾರ್ದಾ?" ಅಂದರು.

"ಓದಿದರೆ ನನ್ನ ಕೆಲಸ ಹೋಗುತ್ತೆ ಅಕ್ಕ."

"ನೀವು ಕೂರೋದೂ ಆ ಛಾವಣಿ ಮೇಲೇ ಅಲ್ವಾ?"

ನನಗೆ ಆ ಮಾತು ಸ್ವಲ್ಪ ಅತಿಯಾಯಿತು ಎನ್ನಿಸಿತು. ಸರಕಾರಿ ಕುರ್ಚಿಯ ಬಗ್ಗೆ ಹಾಗೆಲ್ಲ ಮಾತಾಡಬಾರದು. ಆದರೂ ಆ ದಿನ ಮೇಲೆ ಹೋಗಿ ಕೂರುವಾಗ ಮೆಲ್ಲಗೆ ಕೂತೆ. ಕೆಳಗೆ ಟೈಲರಕ್ಕ, ಇನ್ನು ಕಚೇರಿಯನ್ನು ನಂಬಿ ಪ್ರಯೋಜನವಿಲ್ಲವೆಂದು, ಅತ್ತೆಯ ಸ್ಟೂಲನ್ನು ಬಾಗಿಲಿನ ಬಳಿಗೆ ಎಳೆದರು. ಅಜ್ಜಿ ಇಡೀ ಬೀದಿಗೆ ಕೇಳುವಂತೆ ಸೊಸೆಯನ್ನು ಬೈದರು. ಬಾಗಿಲಲ್ಲಿ ಮೆಟ್ಟಿಲಿನ ನೆರಳಿಗೆ ಕಣ್ಣು ಕಾಣಿಸದೆ ವಾರದಲ್ಲಿ ಆರು ಸಲ ಬೆರಳಿಗೆ ಸೂಜಿ ಚುಚ್ಚಿಕೊಂಡರು.

ಹದಿನಾಲ್ಕನೇ ತಾರೀಕು ಬೆಳಿಗ್ಗೆ ಹನ್ನೊಂದೂಕಾಲಿಗೆ ಒಂಬತ್ತನೆಯ ಹಿಂಬರಹ ಸಿದ್ಧವಾಯಿತು. ಕಚೇರಿಯ ಆರು ಪ್ರತಿಗಳನ್ನು ಇಬ್ಬರು ಜವಾನರು ಹೊತ್ತು ತಂದು ಬೀರುವಿನಲ್ಲಿ ತುರುಕಿ ಚಹಾಕ್ಕೆ ಹೋದರು. ಕೊನೆಯ ಹಾಳೆಯೊಂದು ಹೊರಗುಳಿದಿತ್ತು. ಸಾಹೇಬರ ರುಜು ಪಡೆದು ನಾನು ಅದನ್ನು ತರುತ್ತಿದ್ದೆ. ಇನ್ನು ನಾಲ್ಕು ಹೆಜ್ಜೆ ಇರುವಾಗ ಎರಡೂ ಬೀರುಗಳು, ನನ್ನ ಕುರ್ಚಿ, ಮೇಜು, ಮೊಹರುಗಳ ಪೆಟ್ಟಿಗೆ ಎಲ್ಲವೂ ಯಾವ ಪೂರ್ವಾನುಮತಿಯೂ ಇಲ್ಲದೆ ಕೆಳಗಿಳಿದು ಹೋದವು.

ಧೂಳು ಅಡಗಿದಾಗ ನನ್ನ ಕಾಲ ಬುಡದಲ್ಲಿ ಬಾವಿಯಷ್ಟು ದೊಡ್ಡ ತೂತಿತ್ತು. ಕೈಯಲ್ಲಿ ಹಾಳೆ ಹಾಗೇ ಇತ್ತು. ತೂತಿನ ಅಂಚಿನಿಂದ ಬಗ್ಗಿ ನೋಡಿದೆ. ಅಜ್ಜಿ ಬಾಗಿಲ ಬಳಿಯ ಸ್ಟೂಲಿನಲ್ಲಿ, ಮೈಯೆಲ್ಲ ಬೆಳ್ಳಗೆ, ಸೂಜಿ ಹಿಡಿದು ಕೂತಿದ್ದರು.

"ಅಯ್ಯೋ, ನೀನಾ!" ಅಂದರು. "ನಿನ್ ಪ್ಯಾಂಟ್ ಆಗಿದೆ ಕಣಪ್ಪ, ಬಂದು ತಗೊಂಡ್ಹೋಗು."

"ಮೆಟ್ಟಿಲಿಂದ ಬರ್ತೀನಿ ಅಜ್ಜಿ," ಎಂದೆ.

ನಾನು ಇಳಿದು ಬಂದಾಗ ಅಜ್ಜಿಯ ಹಳೆಯ ಜಾಗದಲ್ಲಿ ಎರಡು ಬೀರುಗಳು ಅಂಗಾತ ಬಿದ್ದಿದ್ದವು. ಟೈಲರಕ್ಕ ಅತ್ತೆಯ ಕೈ, ಕಾಲು, ತಲೆ ಎಲ್ಲ ಮುಟ್ಟಿ ನೋಡಿ, ಒಮ್ಮೆ ಗಟ್ಟಿಯಾಗಿ ಅತ್ತು, ಮೂಗೊರೆಸಿಕೊಂಡು, ಕಾಗದದ ರಾಶಿಗೆ ಕೈ ಹಾಕಿದರು. ಹತ್ತೇ ನಿಮಿಷದಲ್ಲಿ ಹತ್ತು ತಿಂಗಳಿಂದ ಕೇಳುತ್ತಿದ್ದ ಹಾಳೆ ಸಿಕ್ಕಿತು. ಜೋರಾಗಿ ಓದಿದರು. ಮೂರೇ ಸಾಲು. "ಮಹಡಿಯ ನೆಲ ಇನ್ನು ಭಾರ ತಡೆಯುವುದಿಲ್ಲ. ಕಾಗದಗಳನ್ನು ಕೂಡಲೇ ಇಳಿಸಿ, ಹೊಸದಾಗಿ ಒಂದು ಹಾಳೆಯನ್ನೂ ಇಡಬಾರದು. ಈ ವರದಿಯನ್ನು ಕೆಳಗಿನ ಅಂಗಡಿಯವರಿಗೂ, ಬೀರುವಿನ ಪಕ್ಕ ಕೂರುವ ಗುಮಾಸ್ತರಿಗೂ ಇಂದೇ ಓದಿ ಹೇಳತಕ್ಕದ್ದು."

ನನಗೆಂದೇ ಬರೆದ ಕಾಗದಕ್ಕೆ ಹತ್ತು ತಿಂಗಳು ನಾನೇ, ನನ್ನ ಮುದ್ದಾದ ಅಕ್ಷರದಲ್ಲಿ, ಕೊಡಲು ಬರುವುದಿಲ್ಲ ಎಂದು ಬರೆದಿದ್ದೆ. ನಾಚಿಕೆಯಾಯಿತು, ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ ಅಲ್ಲೇ ನಿಂತೆ. ಟೈಲರಕ್ಕ ಒಂದು ಸ್ಟೂಲು ತಂದು ಕೂರಿಸಿ ನೀರು ಕೊಟ್ಟರು.

ಅಷ್ಟರಲ್ಲಿ ಸಾಹೇಬರು ಇಳಿದು ಬಂದರು. ರಾಶಿಯನ್ನು, ತೂತನ್ನು, ಟೈಲರಕ್ಕನ ಕೈಯಲ್ಲಿದ್ದ ಹಾಳೆಯನ್ನು ನೋಡಿದರು. ಮುಖ ಅರಳಿತು.

"ಸಿಕ್ಕಿತಲ್ಲಮ್ಮ! ಇಲ್ಲೊಂದು ಸ್ವೀಕೃತಿ ರುಜು ಹಾಕು."

ಆ ದಿನವೇ ಕಡತದಲ್ಲಿ ಷರಾ ಬಿತ್ತು. "ಕೋರಿದ ಮಾಹಿತಿಯನ್ನು ಅರ್ಜಿದಾರರ ಅಂಗಡಿಗೇ ತಲುಪಿಸಲಾಗಿದೆ. ಕ್ರಮ ಮುಕ್ತಾಯ." ಇಲಾಖೆಯ ಇತಿಹಾಸದಲ್ಲಿ ಮಂಜೂರಾದ ಮೊದಲ ಅರ್ಜಿ ಅದು. ಸಾಹೇಬರಿಗೆ ಪ್ರಶಸ್ತಿಪತ್ರ ಬಂದಿತು. ಅದನ್ನು ಮೂವತ್ತನೇ ದಿನ ಸ್ವೀಕರಿಸುವುದಾಗಿ ತಿಳಿಸಿದ್ದಾರೆ. ತೂತನ್ನು ಮುಚ್ಚುವ ಬದಲು ಅದರ ಕೆಳಗೆ ಒಂದು ಪ್ರಕಟಣೆ ಹಚ್ಚಲಾಯಿತು:

"ಮೇಲಿನಿಂದ ನೇರ ವಿತರಣೆ ಯೋಜನೆಯಡಿ ದಾಖಲೆಗಳನ್ನು ಇನ್ನು ಮುಂದೆ ಇಲ್ಲಿ ಒದಗಿಸಲಾಗುವುದು. ಯಾವ ದಾಖಲೆ, ಯಾವ ದಿನ, ಯಾರ ಮೇಲೆ ಎಂಬುದನ್ನು ಮುಂಚಿತವಾಗಿ ತಿಳಿಸಲಾಗುವುದಿಲ್ಲ. ತಲೆಯು ಅರ್ಜಿದಾರರ ಸ್ವಂತ ಹೊಣೆ."

ಸುದ್ದಿ ಹಬ್ಬಿತು. ಆಟದ ಮೈದಾನಕ್ಕೆ ಬೇಲಿ ಹಾಕಿದವರು ಯಾರೆಂದು ಎಂಟು ವರ್ಷದಿಂದ ಕೇಳುತ್ತಿದ್ದ ಶಾಲೆಯ ಮೇಷ್ಟ್ರು, ನಲ್ಲಿ ನೀರಿನ ಪರೀಕ್ಷೆಯ ಫಲಿತಾಂಶಕ್ಕೆ ಕಾದಿದ್ದ ನರ್ಸು, ಇನ್ನೂ ಹಲವರು ತಲೆಯ ಮೇಲೆ ಪಾತ್ರೆ, ಬುಟ್ಟಿ, ಹೆಲ್ಮೆಟ್ಟು ಇಟ್ಟುಕೊಂಡು ಬಂದು ಟೈಲರಕ್ಕನ ಅಂಗಡಿಯಲ್ಲಿ ಕೂರುತ್ತಾರೆ. ಕೂತಿರುವಷ್ಟು ಹೊತ್ತು ಅಳತೆ ಕೊಡುತ್ತಾರೆ. ತೂತಿನಿಂದ ಈಗ ಒಳ್ಳೆಯ ಬೆಳಕು ಬೀಳುವುದರಿಂದ ಗುಂಡಿ ಅಜ್ಜಿಗೂ ಸಮಾಧಾನ. ಬೆರಳಿಗೆ ಸೂಜಿ ಚುಚ್ಚುವುದು ನಿಂತಿದೆ.

ಹೋದ ವಾರ ಇಂಜಿನಿಯರು ಮತ್ತೆ ಬಂದಿದ್ದರು. ಈ ಸಲ ಸುತ್ತಿಗೆಯನ್ನು ಚೀಲದಿಂದ ತೆಗೆಯಲೇ ಇಲ್ಲ. ಬಾಗಿಲಲ್ಲೇ ನಿಂತು ಎರಡು ಹಾಳೆ ಬರೆದು, ಮೇಲೆ ಬರಲು ಒಪ್ಪದೆ, ಕೋಲಿನ ತುದಿಗೆ ಸಿಕ್ಕಿಸಿ ತೂತಿನಿಂದ ನನಗೆ ದಾಟಿಸಿದರು. ಸಾಹೇಬರು ಮೊಹರು ಒತ್ತಿದರು. ಉಳಿದ ಅರ್ಧ ನೆಲದ ಮೇಲೆ ಹೊಸ ಬೀರು ಬಂದಿದೆ, ವರದಿ ಅದರಲ್ಲಿದೆ. ಪಕ್ಕದಲ್ಲಿ ನನ್ನ ಕುರ್ಚಿ. ಕುರ್ಚಿಯನ್ನು ಗೋಡೆಯ ಕಡೆಗೆ ಸರಿಸಲು ಅನುಮತಿ ಕೋರಿ ಅರ್ಜಿ ಹಾಕಿದ್ದೇನೆ. ಅದಕ್ಕೂ ಹಿಂಬರಹ ನಾನೇ ಬರೆಯಬೇಕು.

ಟೈಲರಕ್ಕನ ಅರ್ಜಿ ನಿನ್ನೆ ಬಂತು. ಜೊತೆಗೆ ಒಂದು ಚೀಟಿಯೂ ಇತ್ತು. "ಗುಮಾಸ್ತರೇ, ಶಾಲೆ ಶುರುವಾಗೋದ್ರೊಳಗೆ ವರದಿ ಬೇಕು. ಆಮೇಲೆ ಸಮವಸ್ತ್ರದ ಕೆಲಸ, ಕೈ ಬಿಡುವಿರಲ್ಲ. ಈ ಸಲ ನಿರಾಕರಣೆ ಸ್ವಲ್ಪ ಉದ್ದವಾಗಿ, ಭಾರವಾಗಿ ಬರೀರಿ." ಅರ್ಜಿದಾರರ ಮಾತು ತೆಗೆದುಹಾಕುವಂತಿಲ್ಲ. ಮೊದಲ ಹಿಂಬರಹಕ್ಕೇ ಇಪ್ಪತ್ತು ಅನುಬಂಧ ಸೇರಿಸಿದ್ದೇನೆ.