ಕ್ಯಾನಿನಲ್ಲಿ ಬಂದ ಸಮುದ್ರ

‘ಮುಂದಿನ ಸಲ’ ಎನ್ನುವುದು ಆಗ ನನ್ನ ಬಾಯಿಗೆ ಅಂಟಿಕೊಂಡಿದ್ದ ಮಾತು. ಅಂಗಿ ಹೊಲಿಸುವುದಿರಲಿ, ನೆಂಟರ ಮನೆಗೆ ಹೋಗುವುದಿರಲಿ, ಎಲ್ಲಕ್ಕೂ ಅದೇ. ಅರವತ್ತರ ದಶಕದ ಮೊದಲಲ್ಲಿ ನಾನು ದಾವಣಗೆರೆಯಿಂದ ದಿನಾ ರೈಲಿನಲ್ಲಿ ಹರಿಹರದ ಕಾರ್ಖಾನೆಯೊಂದಕ್ಕೆ ಹೋಗಿ ಬರುತ್ತಿದ್ದೆ. ಸಮುದ್ರದ ನೀರಿಗೆ ತುಕ್ಕು ಹಿಡಿಯದ, ಸುತ್ತಿಗೆಯಿಂದ ಬಡಿದರೂ ಮುರಿಯದ ಉಕ್ಕು ತಯಾರಿಸುವುದು ನಮ್ಮ ಲ್ಯಾಬಿನ ಕೆಲಸ. ತುಕ್ಕು ಹಿಡಿಯದ್ದು ಬಡಿದರೆ ಮುರಿಯುತ್ತಿತ್ತು. ಮುರಿಯದ್ದು ವಾರದಲ್ಲಿ ಕೆಂಪಗಾಗುತ್ತಿತ್ತು. ಹೊಳೆ ದಂಡೆಯಲ್ಲಿ ಕೂತು ಸಮುದ್ರದ ಚಿಂತೆ ಮಾಡುವ ನಮಗೆ ಉಪ್ಪು ಬೆರೆಸಿದ ನೀರು ಸಾಲದೆಂದು, ಸಾಹೇಬರು ನಿಜವಾದ ನೀರು ತರಲು ನನ್ನನ್ನು ಕಾರವಾರಕ್ಕೆ ಕಳಿಸಿದರು.

ಹೊರಡುವಾಗ ಅವ್ವ ಒಳ್ಳೆ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. “ನಾನೂ ಬರ್ಲೇನಪ್ಪ? ಸಮುದ್ರ ನೋಡೇ ಇಲ್ಲ.”

“ಆಫೀಸ್ ಕೆಲ್ಸ ಐತವ್ವ. ಮುಂದಿನ ಸಲ ಹೋಗಾಣ” ಎಂದೆ.

ನೀರಿನ ಕ್ಯಾನು ತಂದ ದಿನ ಭಾನುವಾರವಾದ್ದರಿಂದ ಅದು ಮನೆಯಲ್ಲೇ ಉಳಿಯಿತು. ಸೋಮವಾರ ಲ್ಯಾಬಿಗೆ ಒಯ್ದು ಹೊಸ ಉಕ್ಕಿನ ತುಂಡನ್ನು ಆ ನೀರಿನಲ್ಲಿ ಮುಳುಗಿಸಿದೆವು. ಎರಡು ತಿಂಗಳಾದರೂ ಒಂದು ಕಲೆಯಿಲ್ಲ, ಬಡಿದರೂ ಬಿರುಕಿಲ್ಲ! ಎಲ್ಲರಿಗೂ ಮಂಡಕ್ಕಿ, ಮಿರ್ಚಿ ತರಿಸಿದೆ. ಸಾಹೇಬರು ಅದೇ ಸಂತೋಷದಲ್ಲಿ ನೀರಿಗೆ ಬೆರಳದ್ದಿ ನಾಲಿಗೆಗಿಟ್ಟು ನನ್ನನ್ನೇ ನೋಡಿದರು. “ಏನ್ರೀ, ಇದು ಸಮುದ್ರಾನೋ, ನಮ್ಮ ತುಂಗಭದ್ರಾನೋ?”

ಮನೆಗೆ ಬಂದು ಅವ್ವನನ್ನು ಕೇಳಿದೆ. ಆ ಭಾನುವಾರವೇ ಓಣಿಯ ಹೆಂಗಸರಿಗೆಲ್ಲ ತೀರ್ಥವೆಂದು ಹಂಚಿ, ಖಾಲಿಯಾದಷ್ಟಕ್ಕೆ ನಲ್ಲಿ ನೀರು ತುಂಬಿದ್ದಳಂತೆ. ಬಾಯಿಗೆ ಬಂದಂತೆ ಬೈದೆ. ಅವಳು ಸೆರಗಿನ ತುದಿ ಸುತ್ತುತ್ತಾ, “ನಾನಂತೂ ನೋಡಾಕೆ ಹೋಗ್ಲಿಲ್ಲ. ಪಾಪ, ಅದೇ ಮನಿಗೆ ಬಂದಿತ್ತು. ಹಂಗೇ ಕಳ್ಸಾಕೆ ಮನಸಾಗ್ಲಿಲ್ಲಪ್ಪ” ಎಂದಳು.

ಪರೀಕ್ಷೆ ಮತ್ತೆ ನಡೆಸಬೇಕಾಗಿದ್ದರಿಂದ ನನ್ನ ‘ಮುಂದಿನ ಸಲ’ ನಿಜವಾಗಿಯೂ ಬಂತು. ಅಷ್ಟರಲ್ಲಿ ಅವ್ವ ತೀರಿಕೊಂಡು ಮೂರು ವಾರವಾಗಿತ್ತು. ಬಸ್ಸಿನಲ್ಲಿ ಪಕ್ಕದ ಸೀಟಿನ ಮೇಲೆ ಕ್ಯಾನು ಇಟ್ಟುಕೊಂಡು ಹೋದೆ. ಆ ಸೀಟಿಗೆ ಯಾರೂ ಬರಲಿಲ್ಲ, ಮೊದಲ ಸಲವೂ ಅದು ಖಾಲಿಯೇ ಇತ್ತು. ಅದನ್ನು ನೆನೆದು ದಡದಲ್ಲಿ ನಿಂತು ಅತ್ತುಬಿಟ್ಟೆ.

ನಿಜವಾದ ನೀರಿನಲ್ಲಿ ನಮ್ಮ ಉಕ್ಕು ಹದಿನೈದೇ ದಿನಕ್ಕೆ ತುಕ್ಕು ಹಿಡಿಯಿತು. ಆ ಸಲ ಅಲ್ಲೇ ಇನ್ನೊಂದು ಕ್ಯಾನು ಕೊಂಡು ಅದನ್ನೂ ತುಂಬಿಸಿ ತಂದಿದ್ದೆ. ಅದು ನಮ್ಮ ದೇವರ ಮನೆಯಲ್ಲಿದೆ. ಓಣಿಯ ಹೆಂಗಸರು ಈಗಲೂ ಅವ್ವನ ಹೆಸರು ಹೇಳಿ ತೀರ್ಥ ಕೇಳಲು ಬರುತ್ತಾರೆ. ಮುಂದಿನ ಸಲ ಎನ್ನಲು ಬಾಯಿ ಬರುವುದಿಲ್ಲ. ಕೊಡುತ್ತೇನೆ. ಖಾಲಿಯಾದಷ್ಟಕ್ಕೆ ನಲ್ಲಿ ನೀರು ತುಂಬಿಡುತ್ತೇನೆ.