ಹಕಾರವಿಲ್ಲದ ಮನೆಯಿಂದ ಒಂದು ಅರ್ಜಿ

ನಮ್ಮ ಮನೆಯಲ್ಲಿ ಎಲ್ಲವೂ ಇದೆ, ಹಕಾರ ಒಂದಿಲ್ಲ. ಯಾವ ಕಾಲದಲ್ಲಿ ಅದು ನಮ್ಮನ್ನು ಬಿಟ್ಟು ಹೋಯಿತೋ ಗೊತ್ತಿಲ್ಲ, ನನ್ನ ಅಜ್ಜಿಯ ಬಾಯಲ್ಲೂ ಇರಲಿಲ್ಲ. ನಾವು ಕುಡಿಯುವುದು ಆಲು, ಮುಡಿಯುವುದು ಊವು, ಬೆಳಿಗ್ಗೆ ಎದ್ದು ಉಜ್ಜುವುದು ಅಲ್ಲು. ಬರೆಯುವಾಗ ಮಾತ್ರ ಅದು ತಪ್ಪದೆ ಬಂದು ತನ್ನ ಜಾಗದಲ್ಲಿ ಕೂರುತ್ತದೆ. ಆದ್ದರಿಂದ ಇದನ್ನು ಓದುತ್ತಿರುವ ನಿಮಗೆ ನನ್ನ ಮೇಲೆ ಅನುಮಾನ ಬರಲಿಕ್ಕಿಲ್ಲ, ಎದುರಿಗೆ ಕೂತು ಕೇಳಿದ್ದರೆ ಗೊತ್ತಾಗುತ್ತಿತ್ತು. ನಾನು ಹುಟ್ಟಿದ್ದು ಸುದ್ದಗುಂಟೆಪಾಳ್ಯದಲ್ಲಿ, ನನ್ನನ್ನು ಕೊಟ್ಟಿದ್ದು ಹುಳಿಮಾವಿಗೆ. ಹೆಸರು ಹೇಮಾವತಿ. ಹೆಣ್ಣು ನೋಡಲು ಬಂದ ದಿನ ಗಂಡಿನ ಕಡೆಯ ಹಿರಿಯರೊಬ್ಬರು ಹೆಸರು ಕೇಳಿದರು. ನಾನು ತಲೆ ತಗ್ಗಿಸಿ "ಏಮಾವತಿ" ಎಂದೆ. ಅವರ ಕಿವಿ ಸ್ವಲ್ಪ ಮಂದ. "ಯಮಾವತಿನಾ?" ಎಂದು ಗಾಬರಿಯಾದರು. ಆಗ ನನ್ನ ಅತ್ತೆಯಾಗಬೇಕಿದ್ದ ಮುನಿಯಮ್ಮನವರು, "ಅಲ್ಲ ಕಣಣ್ಣ, ಏಮಾವತಿ, ಸರಿಯಾಗಿ ಕೇಳ್ಸ್ಕೋ" ಎಂದು ಗದರಿಸಿದರು. ಅಲ್ಲಿಗೆ ನಾನು ಸರಿಯಾದ ಮನೆಗೇ ಹೋಗುತ್ತಿದ್ದೇನೆ ಎಂದು ಎರಡೂ ಕಡೆಯವರಿಗೆ ಖಾತ್ರಿಯಾಯಿತು. ಅಂಥ ನಾನು, ಮದುವೆ ವಯಸ್ಸಿಗೆ ಬಂದ ಮಗಳಿರುವ ನಾನು, ಬೇರೆಯವರ ಮಾತು ಸರಿಪಡಿಸುವ ಕೆಲಸ ಕಲಿಯಲು ಅರ್ಜಿ ಹಾಕಿದೆ.

ಇದಕ್ಕೆ ಕಾರಣ ಅದೇ ಅತ್ತೆ. ಅವರು ಬಾಯಿ ತೆಗೆದರೆ ಕೆರೆ ಆಚೆಯ ದಂಡೆಗೂ ಕೇಳಿಸುತ್ತಿತ್ತು. ನಮ್ಮ ರಾಗಿ ಹೊಲ ಹೋಗಿ ಬಾಡಿಗೆ ಮನೆಗಳು ಎದ್ದ ಮೇಲೂ ಅವರ ಗಂಟಲು ಹೊಲದ ಅಳತೆಯಲ್ಲೇ ಉಳಿದಿತ್ತು. ಮೂರನೇ ಮಹಡಿಯ ಬಾಡಿಗೆಯವರು ನೀರಿನ ಮೋಟರು ಆರಿಸಲು ಮರೆತರೆ ಅತ್ತೆ ಅಂಗಳದಿಂದಲೇ ಹೇಳುತ್ತಿದ್ದರು, ಫೋನು ಬೇಕಾಗಿರಲಿಲ್ಲ. ಅಂಥವರಿಗೆ ಒಂದು ಬೆಳಿಗ್ಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ಮಾತೂ ನಿಂತಿತು. ಮನೆಯಲ್ಲಿ ಆದ ಆ ಮೌನವನ್ನು ನಾನು ಹೇಗೆ ಹೇಳಲಿ. ಬೈಸಿಕೊಂಡು ಬೈಸಿಕೊಂಡು ಅಭ್ಯಾಸವಾದವಳಿಗೆ ಬೈಯುವವರು ಸುಮ್ಮನಾದರೆ ಕೈಕಾಲು ಆಡುವುದಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾಯಿತೋ ಕಡಿಮೆಯಾಯಿತೋ ತಿಳಿಯದೆ ನಾನು ಒಲೆಯ ಮುಂದೆ ನಿಂತು ಅತ್ತಿದ್ದೇನೆ.

ಆಗ ಮನೆಗೆ ಬರತೊಡಗಿದವರು ಸ್ಪೀಚ್ ಥೆರಪಿಯ ವೀಣಾ ಮೇಡಂ. ವಾರಕ್ಕೊಮ್ಮೆ ಬಂದು ಒಂದಿಷ್ಟು ಹೇಳಿಕೊಟ್ಟು ಹೋಗುವರು, ಉಳಿದ ದಿನ ಅದನ್ನು ಮಾಡಿಸುವುದು ನನ್ನ ಕೆಲಸ. ಚಿತ್ರ ತೋರಿಸಬೇಕು, ಕೇಳಬೇಕು, ಆಮೇಲೆ ಸುಮ್ಮನೆ ಕಾಯಬೇಕು. ಈ ಕಾಯುವುದಿದೆಯಲ್ಲ, ನಮ್ಮ ಮನೆಯಲ್ಲಿ ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ. ನಮ್ಮಲ್ಲಿ ಒಬ್ಬರು ಶುರು ಮಾಡಿದ ಮಾತನ್ನು ಇನ್ನೊಬ್ಬರು ಮುಗಿಸಿಯೇ ರೂಢಿ. ಯಜಮಾನರು "ಆ ಇದು ಎಲ್ಲಿ..." ಎನ್ನುವುದರೊಳಗೆ ನಾನು "ಟೀವಿ ಮೇಲೆ" ಎಂದಾಗಿರುತ್ತದೆ. ಅಂಥವಳು ನಾಲಿಗೆ ಕಚ್ಚಿಕೊಂಡು ಅತ್ತೆಯ ಮುಂದೆ ಕೂತೆ. ವಾರಗಳು ಕಳೆದವು. ಒಂದು ದಿನ ಗಂಜಿ ಬಿಸಿಯಾಗಿದ್ದುದು ತಿಳಿಯದೆ ಚಮಚ ಬಾಯಿಗಿಟ್ಟೆ. ಅತ್ತೆಯ ಮುಖ ಕೆಂಪಾಯಿತು, ತುಟಿ ಅಲುಗಿತು, "ಥೂ ಮುಂಡೇದೇ" ಎಂದು ಸ್ಪಷ್ಟವಾಗಿ ಬಂತು. ನಾನು ಚಮಚ ಬಿಟ್ಟು ಅವರನ್ನು ತಬ್ಬಿಕೊಂಡೆ. ಆಮೇಲೆ ಮೂರು ಮಹಡಿಗೂ ಮೈಸೂರು ಪಾಕು ಹಂಚಿದೆ. ಏನು ವಿಶೇಷ ಎಂದು ಕೇಳಿದವರಿಗೆ "ನಮ್ಮತ್ತೆ ನನ್ನ ಬೈದ್ರು" ಎಂದೆ. ಪಾಕು ತೆಗೆದುಕೊಂಡರು, ಇನ್ನೇನೂ ಕೇಳಲಿಲ್ಲ.

ಬೈಗುಳ ಮೊದಲು ಬರುವುದು ಸಹಜವೇ ಎಂದು ವೀಣಾ ಮೇಡಂ ವಿವರಿಸಿದರು. ಅಭ್ಯಾಸದ ಮಾತು ಬೇರೆ ದಾರಿಯಲ್ಲಿ ಬಂದುಬಿಡುತ್ತದಂತೆ. ಆಮೇಲೆ ಒಂದೊಂದಾಗಿ ನೀರು, ಬಾ, ಸಾಕು, ಬಂದವು. ಒಂಟಿ ಪದಗಳು, ಅಪರೂಪಕ್ಕೆ ಜೋಡಿ. ಒಂದು ದಿನ ಮೇಡಂ ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದರು: "ನೀವು ತುಂಬ ಚೆನ್ನಾಗಿ ಮಾಡಿಸ್ತೀರ. ಜಯನಗರದಲ್ಲಿ ನಮ್ಮ ಸೆಂಟರ್‌ನಲ್ಲಿ ಅಸಿಸ್ಟೆಂಟ್ ಟ್ರೈನಿಂಗ್ ಇದೆ. ಪಿಯುಸಿ ಆಗಿದೆ ಅಂದ್ರಲ್ಲ, ಅಪ್ಲೈ ಮಾಡಿ." ಅವರು ಗೇಟು ದಾಟಿದ ಮೇಲೂ ನಾನು ಅಲ್ಲೇ ನಿಂತಿದ್ದೆ. ಮುದ್ದೆ ಚೆನ್ನಾಗಿದೆ ಎಂದವರಿದ್ದಾರೆ, ರಂಗೋಲಿ ಚೆನ್ನಾಗಿದೆ ಎಂದವರಿದ್ದಾರೆ. ಆದರೆ ಮನೆಯ ಹೊರಗಿನ ಒಂದು ಕೆಲಸವನ್ನು ಹೆಸರಿಟ್ಟು, ಇದು ನಿನ್ನಿಂದ ಆಗುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಆ ಸೀಟು ನನಗೆ ಬೇಕೇ ಬೇಕು ಅನ್ನಿಸಿತು. ಇಷ್ಟು ಆಸೆಪಟ್ಟು ನಾನು ಏನನ್ನೂ ಕೇಳಿದವಳಲ್ಲ.

ಯಜಮಾನರಿಗೆ ಹೇಳಿದೆ. ಹಾರ್ಡ್‌ವೇರ್ ಅಂಗಡಿಯಿಂದ ಆಗತಾನೇ ಬಂದು ಕೈ ತೊಳೆಯುತ್ತಿದ್ದರು. "ಮಾತಾಡಕ್ಕೆ ಟ್ರೈನಿಂಗಾ? ನಿಂಗಾ?" ಎಂದು ಕೇಳಿ, ನಲ್ಲಿ ತಿರುಗಿಸುವುದನ್ನೂ ಮರೆತು ನಕ್ಕರು. ಮಗಳು ಸಿಂಧು ನಗಲಿಲ್ಲ. ಅವಳು ಕಾಲೇಜಿಗೆ ಹೋದ ಮೇಲೆ ಹಕಾರ ಸಂಪಾದಿಸಿಕೊಂಡವಳು, ಮನೆಯಲ್ಲಿ ನಮ್ಮ ಜೊತೆ ಮಾತಾಡುವಾಗ ಅದನ್ನು ಬ್ಯಾಗಿನಲ್ಲೇ ಇಟ್ಟಿರುತ್ತಾಳೆ. "ಅಮ್ಮ, ಅಪ್ಲೈ ಮಾಡು. ಆದ್ರೆ ಇಂಟರ್‌ವ್ಯೂನಲ್ಲಿ ಏಮಾವತಿ ಅಂದ್ರೆ ವಾಪಸ್ ಕಳಿಸ್ತಾರೆ ಅಷ್ಟೆ. ಅಂಗೈ ಬಾಯಿ ಮುಂದೆ ಇಟ್ಕೋ. ಹ ಅಂದಾಗ ಬಿಸಿಗಾಳಿ ತಾಕ್ಬೇಕು" ಎಂದು ಪಾಠ ಶುರು ಮಾಡಿದಳು.

ಅಂದಿನಿಂದ ನಾನು ಅಂಗೈಯನ್ನು ಬಾಯಿಯ ಮುಂದಿಟ್ಟುಕೊಂಡೇ ಓಡಾಡಿದೆ. ಎದುರು ಮನೆಯಾಕೆ ಹಲ್ಲುನೋವೆಂದು ತಿಳಿದು ಲವಂಗ ತಂದುಕೊಟ್ಟರು. ಬೇಡವೆನ್ನಲಾಗದೆ ಅದನ್ನೂ ಅಗಿದೆ. ಹಕಾರವೇನೋ ಬಂತು. ಆದರೆ ಎಷ್ಟೋ ವರ್ಷ ಬಾಗಿಲು ತೆರೆಯದ ಮನೆಗೆ ಬಂದ ನೆಂಟನಿಗೆ ಯಾವ ಕೋಣೆಯಾದರೇನು, ಸಿಕ್ಕಲ್ಲೆಲ್ಲ ನುಗ್ಗತೊಡಗಿತು. ಅಂಗಡಿಗೆ ಹೋಗಿ ಸೋನಾಮಸೂರಿ ಹಕ್ಕಿ ಕೇಳಿದೆ. ಅಂಗಡಿಯವನು ಮುಖದಲ್ಲಿ ಒಂದು ಗೆರೆಯೂ ಅಲುಗದೆ, "ಹಕ್ಕಿ ನಾವಿಡಲ್ಲ ಅಕ್ಕ, ಮಡಿವಾಳ ಮಾರ್ಕೆಟ್ಟಲ್ಲಿ ವಿಚಾರ್ಸಿ" ಎಂದ. ಆಟೋದವನನ್ನು "ಹಣ್ಣಾ" ಎಂದು ಕೂಗಿದ್ದಕ್ಕೆ ಅವನು ಹಿಂದೆ ಯಾರಾದರೂ ಗಾಡಿ ತಳ್ಳಿಕೊಂಡು ಬರುತ್ತಿದ್ದಾರೆಯೇ ಎಂದು ತಿರುಗಿ ನೋಡಿದ. ಇನ್ನು ಮನೆಯಲ್ಲಿ, "ಹತ್ತೆ, ಹೂಟಕ್ಕೆ ಏಳಿ" ಎಂದು ನಾನು ಕರೆದ ಮಧ್ಯಾಹ್ನ ಅತ್ತೆ ನನ್ನನ್ನು ಕಣ್ಣು ಕಿರಿದು ಮಾಡಿ ನೋಡಿದರು, ನನಗೂ ಲಕ್ವ ಹೊಡೆಯಿತೇನೋ ಎಂಬಂತೆ. ಆಮೇಲೆ ಅವರ ಓರೆಯಾದ ಬಾಯಲ್ಲಿ ನಗು ಬಂತು, ಹೊಟ್ಟೆ ಕುಲುಕುವವರೆಗೆ ನಕ್ಕರು. ಕಾಯಿಲೆ ಬಿದ್ದ ಮೇಲೆ ಅಷ್ಟು ನಕ್ಕಿದ್ದು ಅದೇ ಮೊದಲು. ಅವತ್ತಿನಿಂದ ನಾನು ದಿನಕ್ಕೊಮ್ಮೆಯಾದರೂ ಬೇಕೆಂದೇ ಹತ್ತೆ ಎಂದೆ.

ಇಂಟರ್‌ವ್ಯೂ ದಿನ ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿಗೆ ಹೆದರಿ ಬೇಗನೆ ಹೊರಟು, ಅವರು ಬಾಗಿಲು ತೆಗೆಯುವ ಮೊದಲೇ ಜಯನಗರದಲ್ಲಿ ನಿಂತಿದ್ದೆ. ಬಂದಿದ್ದವರೆಲ್ಲ ನನ್ನ ಮಗಳ ವಯಸ್ಸಿನವರು. ಒಬ್ಬಳು ನನಗೆ ಜಾಗ ಬಿಟ್ಟು, "ಕೂತ್ಕೊಳ್ಳಿ ಆಂಟಿ, ಮಗಳು ಒಳಗಿದಾಳಾ?" ಎಂದಳು. ಒಳಗೆ ಕರೆದಾಗ ಅಲ್ಲಿ ಒಬ್ಬರು ಹಿರಿಯ ಮೇಡಂ, ಪಕ್ಕದಲ್ಲಿ ಕನ್ನಡಕದ ಸಾರ್. ಹೆಸರು ಕೇಳಿದರು. ಎದೆಯಾಳದಿಂದ ಗಾಳಿ ಎಳೆದು "ಹೇಮಾವತಿ" ಎಂದೆ, ಮೇಜಿನ ಮೇಲಿನ ಹಾಳೆ ಹಾರಿತು. ಊರು ಕೇಳಿದರು. "ಹುಳಿಮಾವು." ಅದೂ ಗೆದ್ದೆ. ಹುಟ್ಟಿದ್ದು ಎಲ್ಲಿ ಎಂದರು. ಸುದ್ದಗುಂಟೆಪಾಳ್ಯದ ಹೆಸರಿಟ್ಟವರಿಗೆ ಮನಸ್ಸಿನಲ್ಲೇ ಕೈಮುಗಿದೆ, ಅಷ್ಟುದ್ದದ ಹೆಸರಿನಲ್ಲಿ ಒಂದೇ ಒಂದು ಹಕಾರವಿಲ್ಲ. ಆದರೆ ಯಜಮಾನರ ಕೆಲಸ ಕೇಳಿದಾಗ "ಹಾರ್ಡ್‌ವೇರ್ ಹಂಗಡಿ" ಎಂದು ಜಾರಿತು. ಸಾರ್ ಕೆಮ್ಮಿದರು. ಮೇಡಂ ಏನೂ ಆಗದವರಂತೆ, "ಈ ಕೋರ್ಸ್ ಯಾಕೆ ಬೇಕು?" ಎಂದರು. ನಾನು ಅತ್ತೆಯ ವಿಷಯ ಹೇಳಿದೆ, ಗಂಜಿಯದನ್ನೂ ಹೇಳಿದೆ. ಬೈಗುಳ ಬರುವ ಜಾಗದಲ್ಲಿ ಸ್ವಲ್ಪ ತಡೆದು, "ಒಂದು ಮಾತು ಅಂದ್ರು" ಎಂದು ದಾಟಿಸಿದೆ.

"ಸರಿ, ಒಬ್ಬರ ಜೊತೆ ಸ್ವಲ್ಪ ಹೊತ್ತು ಮಾತಾಡಿ, ನೋಡ್ತೀವಿ" ಎಂದು ಪಕ್ಕದ ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ನಾರಾಯಣಪ್ಪ ಎಂಬ ಹಿರಿಯರು ಕೂತಿದ್ದರು. ಮಡಿವಾಳದಲ್ಲಿ ಸೊಪ್ಪಿನ ವ್ಯಾಪಾರ ಮಾಡಿಕೊಂಡಿದ್ದವರು, ಅವರಿಗೂ ಲಕ್ವದಿಂದ ಮಾತು ಹೋಗಿತ್ತು. ಪಕ್ಕದಲ್ಲಿ ಅವರ ಹೆಂಡತಿ, ಮಡಿಲಲ್ಲಿ ಊಟದ ಡಬ್ಬಿ. ಮೇಡಂ ಮತ್ತು ಸಾರ್ ಹಿಂದೆ ಗೋಡೆಗೆ ಕುರ್ಚಿ ಹಾಕಿಕೊಂಡರು. ನಾನು ಮೊದಲ ಕಾರ್ಡು ತೋರಿಸಿ ಇದೇನು ಎಂದೆ, ಕಾದೆ. "ಕೋ...ಳಿ" ಎಂದರು. ಎರಡನೆಯದರಲ್ಲಿ ಲೋಟದ ತುಂಬ ಹಾಲು. ನಾರಾಯಣಪ್ಪನವರು ಕಣ್ಣು ಮುಚ್ಚಿ, ಕೊರಳಿನ ನರ ಉಬ್ಬಿಸಿ, ಎಲ್ಲಿಂದಲೋ ಎಳೆದು ತಂದು ಹೇಳಿದರು: "ಆಲು."

ನಾನು, ಏಮಾವತಿ, ಹಕಾರವಿಲ್ಲದ ಮನೆಯಲ್ಲಿ ಹುಟ್ಟಿ ಹಕಾರವಿಲ್ಲದ ಮನೆ ಸೇರಿದವಳು, ಏನೆಂದೆ ಗೊತ್ತೇ? "ಆಲು ಅಲ್ಲ ಯಜಮಾನ್ರೇ, ಹಾಲು. ಹ, ಹ ಅನ್ನಿ." ಅಷ್ಟು ಹೇಳಿ ಅಂಗೈಯನ್ನು ಅವರ ಬಾಯಿಯ ಮುಂದೆ ಬೇರೆ ಹಿಡಿದೆ. ಅವರು ನನ್ನ ಕೈಯನ್ನೊಮ್ಮೆ ನೋಡಿದರು. ತುಟಿ ಬಿಗಿದು, ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು. ಅವರ ಹೆಂಡತಿ ಮೆಲ್ಲಗೆ, "ನಮ್ಮನೇಲಿ ಎಲ್ರೂ ಆಲು ಅಂತ್ಲೇ ಅನ್ನೋದು ಕಣಮ್ಮ. ಇವ್ರು ಚೆನ್ನಾಗಿದ್ದಾಗ್ಲೂ ಅಂಗೇ ಅಂತಿದ್ರು" ಎಂದರು.

ನನಗೆ ಭೂಮಿ ಬಿರಿಯಬಾರದೇ ಅನ್ನಿಸಿತು. ಆ ಮುಖ ನನಗೆ ಗೊತ್ತಿತ್ತು. ನೋಡಲು ಬಂದ ನೆಂಟರು ಅತ್ತೆಯ ಮಾತನ್ನು ತಿದ್ದಿದಾಗ ಅತ್ತೆ ಹೀಗೇ ಗೋಡೆಗೆ ತಿರುಗುತ್ತಿದ್ದರು, ಆಮೇಲೆ ಇಡೀ ದಿನ ಬಾಯಿ ಬಿಡುತ್ತಿರಲಿಲ್ಲ. ಆ ನೆಂಟರನ್ನು ನಾನು ಅಡುಗೆಮನೆಯಲ್ಲಿ ಎಷ್ಟು ಶಪಿಸಿದ್ದೇನೋ. ಸೀಟು ಹೋಯಿತು ಎಂದುಕೊಂಡೆ. ಸೀಟಿಗಿಂತ ಆ ಮುಖವೇ ಹೆಚ್ಚು ಚುಚ್ಚಿತು. ಕಾರ್ಡುಗಳನ್ನು ಬದಿಗಿಟ್ಟು ಕುರ್ಚಿಯನ್ನು ಹತ್ತಿರ ಎಳೆದೆ. "ತಪ್ಪಾಯ್ತು ಯಜಮಾನ್ರೇ. ನಮ್ಮನೇಲೂ ಆಲೇ. ಉಳಿಮಾವಿನೋಳು ನಾನು. ನಿಮ್ಗೆ ಬರೀ ಆಲು ಇಷ್ಟನಾ, ಕಾಪಿನಾ?" ಎಂದು ಕೇಳಿ ಬಾಯಿ ಮುಚ್ಚಿಕೊಂಡೆ. ಹಿಂದೆ ಯಾರದೋ ಕುರ್ಚಿ ಕಿರುಗುಟ್ಟಿತು. ನಾನು ಅಲುಗಲಿಲ್ಲ. ಅವರು ನಿಧಾನವಾಗಿ ಕಿಟಕಿಯಿಂದ ಈ ಕಡೆ ತಿರುಗಿದರು. "ಕಾಪಿ" ಎಂದರು. ನಾನು ತಲೆಯಾಡಿಸಿ ಇನ್ನೂ ಕಾದೆ. "ಸಕ್ರೆ... ಜಾಸ್ತಿ... ಆಕು." ಹೆಂಡತಿ ತಟ್ಟನೆ, "ಶುಗರ್ ಐತೆ ಅವ್ರಿಗೆ, ಅವ್ರ ಮಾತು ಕೇಳ್ಬೇಡಿ" ಎಂದರು. ಎಷ್ಟೋ ದಿನದ ಮೇಲೆ ಗಂಡ ಆಡಿದ ಮೂರು ಪದದ ಮಾತು ಅದು ಎಂದು ಆಮೇಲೆ ಹೊಳೆದು, ಸೆರಗಿನಿಂದ ಮೂಗು ಒರೆಸಿಕೊಂಡರು.

ಹೊರಗೆ ಬಂದ ಮೇಲೆ ಹಿರಿಯ ಮೇಡಂ ಕೇಳಿದರು: "ಮೊದಲು ಯಾಕೆ ತಿದ್ದಿದ್ರಿ?"

"ನೀವು ಹಿಂದೆ ಕೂತಿದ್ರಲ್ಲ ಮೇಡಂ, ಅದಕ್ಕೆ."

"ಆಮೇಲೆ?"

"ಆಮೇಲೆ ನೀವು ಕೂತಿರೋದು ಮರ್ತೋಯ್ತು."

ಅವರು ನಗಲಿಲ್ಲ. ಫೋನ್ ಮಾಡ್ತೀವಿ ಎಂದರು. ಈ ಮಾತಿನ ಅರ್ಥ ನನಗೆ ಗೊತ್ತು, ಮನೆ ನೋಡಿ ಬೇಡವಾದ ಬಾಡಿಗೆಯವರು ನನಗೂ ಹಾಗೇ ಹೇಳಿ ಹೋಗುತ್ತಾರೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಟಿಕೆಟ್ ಕೇಳಿದವನಿಗೆ "ಉಳಿಮಾವು" ಎಂದೆ. ಮನೆಯಲ್ಲಿ ಯಾರಿಗೂ ಏನೂ ಹೇಳಲಿಲ್ಲ. ಸಿಂಧು ನನ್ನ ಮುಖ ನೋಡಿ ಕೈಯ ಬ್ಯಾಗು ತೆಗೆದುಕೊಂಡಳು, ಯಜಮಾನರು ಕೇಳದೇ ಒಂದು ಲೋಟ ಟೀ ಮಾಡಿಕೊಟ್ಟರು. ಅದು ಸಕ್ಕರೆ ಹಾಕದ ಟೀ ಎಂಬುದನ್ನು ನಾನು ಅವತ್ತು ಎತ್ತಿ ಆಡಲಿಲ್ಲ.

ಫೋನು ಬಂದದ್ದು ಒಂದು ಶನಿವಾರ ಸಂಜೆ, ನನ್ನ ಕೈಯೆಲ್ಲ ಹಿಟ್ಟಾಗಿದ್ದಾಗ. ಸಿಂಧು ಫೋನನ್ನು ನನ್ನ ಕಿವಿಗೆ ಹಿಡಿದಳು. ಸೀಟು ಸಿಕ್ಕಿತ್ತು. ಸೋಮವಾರದಿಂದ ಕ್ಲಾಸು, ಬೆಳಿಗ್ಗೆ ಹೋದರೆ ಸಂಜೆ. ನಾನು "ಹೂಂ" ಎಂದೆನೋ "ಊಂ" ಎಂದೆನೋ ಗೊತ್ತಿಲ್ಲ. ಹಿಟ್ಟಿನ ಕೈಯಲ್ಲೇ ಅತ್ತೆಯ ಹತ್ತಿರ ಓಡಿದೆ. ಮಂಚದ ಪಕ್ಕ ಕೂತು, ಅವರಿಗೆ ತಿಳಿಯುವಂತೆ ನಿಧಾನವಾಗಿ ಎಲ್ಲ ಹೇಳಿದೆ: ನಿಮ್ಮಿಂದಲೇ ಅತ್ತೆ, ನಿಮ್ಮ ಜೊತೆ ಕೂತು ಕಲಿತಿದ್ದಕ್ಕೇ ಸಿಕ್ಕಿತು, ಸೋಮವಾರದಿಂದ ದಿನಾ ಜಯನಗರಕ್ಕೆ ಹೋಗುತ್ತೇನೆ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ತುಟಿ ಅಲುಗಿತು. ಏನೋ ದೊಡ್ಡದೇ ಬರುತ್ತಿದೆ ಎಂದು ಗೊತ್ತಾಯಿತು. ಯಜಮಾನರು ಬಾಗಿಲಲ್ಲಿ ನಿಂತು "ಏನಮ್ಮ, ಒಳ್ಳೇದಾಗ್ಲಿ ಅಂತ..." ಎಂದು ಎತ್ತಿಕೊಡಲು ಬಂದರು. ನಾನು ಕೈ ತೋರಿಸಿ ತಡೆದೆ. ಆಶೀರ್ವಾದವನ್ನು ಅವರ ಬಾಯಿಂದಲೇ ಪೂರ್ತಿ ಕೇಳಬೇಕಿತ್ತು. ಎಲ್ಲರೂ ಕಾದೆವು.

"ಇನ್ಮೇಲೆ," ಎಂದರು ಅತ್ತೆ. ಉಸಿರು ತೆಗೆದುಕೊಂಡರು. "ಮುದ್ದೆ ಯಾರು ಕಟ್ತಾರೆ?"

ಕಾಯಿಲೆ ಬಿದ್ದ ಮೇಲೆ ಅವರು ಆಡಿದ ಮೊದಲ ಇಡೀ ವಾಕ್ಯ. ಎಲ್ಲ ಪದವೂ ಇತ್ತು, ಎಲ್ಲವೂ ತನ್ನ ಜಾಗದಲ್ಲಿತ್ತು. ಯಜಮಾನರು ಮಗಳ ಮುಖ ನೋಡಿದರು, ಮಗಳು ಫೋನು ನೋಡಿದಳು. ನನ್ನ ಕಣ್ಣು ತುಂಬಿ ಬಂತು, ಸಂತೋಷಕ್ಕೇ. ಇಷ್ಟು ಚೆನ್ನಾಗಿ ಮಾತು ಕಲಿಸಿದವಳು ನಾನೇ ಎಂದು ಹೆಮ್ಮೆಯಿಂದ, "ಇನ್ನೊಂದ್ಸಲ ಏಳಿ ಅತ್ತೆ" ಎಂದೆ. ಹೇಳಿದರು, ಮೊದಲಿಗಿಂತ ಜೋರಾಗಿ, ಮೇಲಿನ ಮಹಡಿಗೂ ಕೇಳಿಸುವಂತೆ. ಮೂರನೆಯ ಸಲ ಹೇಳಿಸಲು ಹೋಗದೆ ನಾನು ಎಸರಿಡಲು ಎದ್ದೆ.